ಆಪರೇಷನ್‌ಗೆ ಮೊದಲು ರಕ್ತ ಕಡಿಮೆ ಇದ್ದರೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಆಪರೇಷನ್ ನಿಶ್ಚಯವಾದ ಮೇಲೆ ಹಿಮೋಗ್ಲೋಬಿನ್ ಕಡಿಮೆ ಬಂದು ಗಾಬರಿಯಾದವರ ಪತ್ರಗಳು ಈ ಸಲ ಹೆಚ್ಚು. ಅರಿವಳಿಕೆ ಮತ್ತು ರಕ್ತರೋಗ ವಿಭಾಗಗಳ ವೈದ್ಯರು ಉತ್ತರ ಬರೆದಿದ್ದಾರೆ. ಇಲ್ಲಿ ಕೊಟ್ಟಿರುವ ಪ್ರಮಾಣಗಳೆಲ್ಲ ದೊಡ್ಡವರಿಗೆ. ಹಿಮೋಗ್ಲೋಬಿನ್ ಅಂಕಿಗಳು 100 ಮಿ.ಲೀ. ರಕ್ತಕ್ಕೆ ಇಷ್ಟು ಗ್ರಾಂ ಎಂಬ ಲೆಕ್ಕದವು. ಗರ್ಭಿಣಿಯರು, ಮಕ್ಕಳು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಲೆಕ್ಕ ಬೇರೆ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ನಿಮ್ಮನ್ನು ನೋಡುತ್ತಿರುವ ವೈದ್ಯರ ಜೊತೆ ಮಾತಾಡಿಯೇ ಆಗಲಿ.

ಪ್ರಶ್ನೆ: ನನಗೆ 44 ವರ್ಷ, ತೂಕ 50 ಕೆ.ಜಿ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿವೆ. ಪ್ರತಿ ತಿಂಗಳೂ ಎಂಟು ದಿನ ವಿಪರೀತ ಸ್ರಾವ. ಗರ್ಭಕೋಶ ತೆಗೆಯಬೇಕು ಅಂದಿದ್ದಾರೆ. ಹಿಮೋಗ್ಲೋಬಿನ್ 7.8 ಇದೆ. ‘10 ಆದ ಮೇಲೆ ಬನ್ನಿ’ ಎಂದು ಸರ್ಜನ್ ಕಳಿಸಿದರು. ಅಡ್ಮಿಟ್ ಆಗಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಮುಗಿಸಿಬಿಡು ಎನ್ನುತ್ತಾರೆ ಮನೆಯವರು. ಯಾವುದು ಸರಿ?
— ಗೃಹಿಣಿ, ತಿಪಟೂರು

ಉತ್ತರ: ಸರ್ಜನ್ ಹೇಳಿದ್ದು ಸರಿ. ಆದರೆ ಅಷ್ಟಕ್ಕೇ ಬಿಟ್ಟಿದ್ದು ಸಾಲದು. 10 ಆಗುವುದು ಹೇಗೆ, ಎಷ್ಟು ವಾರದಲ್ಲಿ ಎಂಬುದನ್ನೂ ಬರೆದುಕೊಡಬೇಕಿತ್ತು. ಆ ಯೋಜನೆಯಿಲ್ಲದೆ ಮನೆಗೆ ಹೋದ ಎಷ್ಟೋ ಹೆಂಗಸರು ಮೂರು ತಿಂಗಳ ನಂತರ ಅದೇ 7.8 ಹಿಡಿದುಕೊಂಡು ವಾಪಸ್ ಬರುತ್ತಾರೆ, ಏಕೆಂದರೆ ಈ ನಡುವೆ ಮೂರು ಮುಟ್ಟು ಕಳೆದಿರುತ್ತವೆ.

ಮನೆಯವರ ಲೆಕ್ಕವನ್ನು ಮೊದಲು ನೋಡೋಣ. ಒಂದು ಚೀಲ ಕೆಂಪುಕಣ ಹಾಕಿದರೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ. ಎರಡು ಹಾಕಿದರೆ 9.8ರ ಹತ್ತಿರ. ನಿಮ್ಮ ಮೈಯಲ್ಲಿರುವ ಒಟ್ಟು ರಕ್ತ ಮೂರೂಕಾಲು ಲೀಟರಿನ ಆಸುಪಾಸು. ಆಪರೇಷನ್‌ನಲ್ಲಿ ಅರ್ಧ ಲೀಟರ್ ಹೋಯಿತೆಂದರೆ ಏರಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಹೋಯಿತು. ಇನ್ನು ಕಬ್ಬಿಣ. ನಿಮಗೆ ಎಷ್ಟು ಬೇಕು ಎಂದು ಅಂದಾಜಿಸಲು ಗ್ಯಾನ್ಝೋನಿ ಸೂತ್ರ ಬಳಸುತ್ತಾರೆ: ತೂಕವನ್ನು ಹಿಮೋಗ್ಲೋಬಿನ್ ಕೊರತೆಯಿಂದ ಗುಣಿಸಿ, ಅದನ್ನು 2.4ರಿಂದ ಗುಣಿಸಿ, ಯಕೃತ್ತಿನ ಉಗ್ರಾಣಕ್ಕೆಂದು 500 ಕೂಡಿಸಬೇಕು. 13ಕ್ಕೆ ಮುಟ್ಟಿಸುವುದಾದರೆ ನಿಮ್ಮ ಕೊರತೆ 5.2. ಅಂದರೆ 50 × 5.2 × 2.4 = 624, ಅದಕ್ಕೆ 500 ಸೇರಿ ಸುಮಾರು 1,100 ಮಿ.ಗ್ರಾಂ. ಒಂದು ಚೀಲದಲ್ಲಿರುವುದು 200ರಿಂದ 250 ಮಿ.ಗ್ರಾಂ ಕಬ್ಬಿಣ. ಅದೂ ಆ ಕಣಗಳು ಹಳತಾಗಿ ಒಡೆದ ಮೇಲಷ್ಟೇ ಮೈಗೆ ಸಿಗುವಂಥದ್ದು. ಎರಡು ಚೀಲದಿಂದ ಅಂಕಿ ಮಾತ್ರ ಸ್ವಲ್ಪ ದಿನ ಮೇಲೇರುತ್ತದೆ, ಕೊರತೆ ಹಾಗೇ ಉಳಿಯುತ್ತದೆ.

ರಕ್ತ ಹಾಕುವುದೇ ತಪ್ಪು ಎಂದಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ, ಕೂತಲ್ಲೇ ಏದುಸಿರು, ಎದೆನೋವು, ತಲೆಸುತ್ತು ಇದ್ದರೆ, ರಕ್ತ ಸುರಿಯುತ್ತಲೇ ಇದ್ದರೆ ಹಾಕಲೇಬೇಕು. ಆಗಲೂ ಒಂದು ಚೀಲ ಹಾಕಿ, ನೋಡಿ, ಬೇಕಿದ್ದರೆ ಇನ್ನೊಂದು. ಆದರೆ ಆರು ವಾರ ಸಮಯವಿರುವಾಗ, ಔಷಧಿಯಿಂದ ಸರಿಹೋಗುವ ಕೊರತೆಗೆ ಬೇರೆಯವರ ರಕ್ತ ಏರಿಸುವುದು ಸರಿಯಲ್ಲ. ಜ್ವರ, ಅಲರ್ಜಿ, ಸಣ್ಣ ಮೈಕಟ್ಟಿನವರಲ್ಲಿ ಹೃದಯದ ಮೇಲೆ ನೀರಿನ ಭಾರ, ಮುಂದೊಮ್ಮೆ ನಿಜಕ್ಕೂ ರಕ್ತ ಬೇಕಾದಾಗ ಹೊಂದಾಣಿಕೆ ಸಿಗದಂತೆ ಮಾಡುವ ಪ್ರತಿಕಾಯಗಳು, ಇವೆಲ್ಲ ಅದರ ಜೊತೆಗೇ ಬರುವ ಅಪಾಯಗಳು. ಬ್ಲಡ್ ಬ್ಯಾಂಕಿನ ಆ ಎರಡು ಚೀಲ ಹೆರಿಗೆಯಲ್ಲಿ ರಕ್ತಸ್ರಾವವಾದ ಇನ್ನೊಬ್ಬಾಕೆಗೆ ಬೇಕಾಗಿರುತ್ತದೆ ಎಂಬುದನ್ನೂ ಮರೆಯಬಾರದು.

ಈಗ ಮಾಡಬೇಕಾದದ್ದು. ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ಜೊತೆಗೆ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಉಗ್ರಾಣ ತೋರಿಸುವ ಪರೀಕ್ಷೆ), ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ನೂರಕ್ಕೆ ಎಷ್ಟು ತುಂಬಿದೆ ಎಂಬುದು), ಬಿ12, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮಾಡಿಸಿ. ಫೆರಿಟಿನ್ 30ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆ ಖಚಿತ. ನಿಮ್ಮ ಮುಟ್ಟಿನ ವಿವರ ಕೇಳಿದರೆ ಒಂದಂಕಿಯಲ್ಲಿ ಬಂದರೂ ಆಶ್ಚರ್ಯವಿಲ್ಲ. ಸಸ್ಯಾಹಾರಿಗಳಾಗಿದ್ದರೆ ಬಿ12 ಬಿಡಬೇಡಿ. ಕಬ್ಬಿಣ ಕಡಿಮೆಯಾದರೆ ಕೆಂಪುಕಣ ಸಣ್ಣದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆಯಿದ್ದಾಗ ಸರಾಸರಿ ಗಾತ್ರ ಸರಿಯಾಗಿಯೇ ಕಾಣಿಸಿ ವರದಿ ನೋಡಿದವರನ್ನು ದಾರಿ ತಪ್ಪಿಸುತ್ತದೆ.

ಮುಂದಿನದು ಸ್ರಾವ ತಡೆಯುವುದು. ಇದನ್ನು ಬಿಟ್ಟು ಕಬ್ಬಿಣ ಮಾತ್ರ ಕೊಡುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಹೆಚ್ಚು ಸ್ರಾವದ ದಿನಗಳಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ದಿನಕ್ಕೆ ಮೂರು ಹೊತ್ತು, ಹೆಚ್ಚೆಂದರೆ ನಾಲ್ಕು ದಿನ. ಹಿಂದೆ ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಈ ಮಾತ್ರೆ ಬೇಡ. ಇದು ಸಾಲದಿದ್ದರೆ ಹಾರ್ಮೋನ್ ಮಾತ್ರೆ, ಇಲ್ಲವೇ ತಿಂಗಳಿಗೊಂದು ಲ್ಯೂಪ್ರೊಲೈಡ್ 3.75 ಮಿ.ಗ್ರಾಂ ಇಂಜೆಕ್ಷನ್ ಅನ್ನು ಸ್ತ್ರೀರೋಗ ತಜ್ಞರು ಕೊಡುತ್ತಾರೆ. ಎರಡು-ಮೂರು ತಿಂಗಳಲ್ಲಿ ಮುಟ್ಟು ನಿಂತು ಗಡ್ಡೆಯೂ ಕುಗ್ಗುತ್ತದೆ, ಆಪರೇಷನ್ ಹಗುರವಾಗುತ್ತದೆ. ಮೊದಲ ಇಂಜೆಕ್ಷನ್ ಆದ ಎರಡು-ಮೂರು ವಾರದಲ್ಲಿ ಒಮ್ಮೆ ಸ್ರಾವ ಹೆಚ್ಚಾಗಬಹುದು. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಕಬ್ಬಿಣ ನಿಮಗೆ ಡ್ರಿಪ್ ಮೂಲಕವೇ ಬೇಕು. 60 ಮಿ.ಗ್ರಾಂ ಮಾತ್ರೆಯಲ್ಲಿ ಮೈಗೆ ಹತ್ತುವುದು ಹತ್ತು ಮಿ.ಗ್ರಾಂ ಆದರೆ ಹೆಚ್ಚು. 1,100 ತುಂಬಲು ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಿ. ಡ್ರಿಪ್‌ನಲ್ಲಿ ಹಾಕುವ ಕಬ್ಬಿಣದ ಔಷಧಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದು ಸಲ 1,000 ಮಿ.ಗ್ರಾಂ, ಬೇಕಿದ್ದರೆ ವಾರದ ಮೇಲೆ ಇನ್ನೊಂದು 500. ಐರನ್ ಸುಕ್ರೋಸ್ ಆದರೆ 200 ಮಿ.ಗ್ರಾಂನಂತೆ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ, ಒಟ್ಟು ಐದಾರು ಸಲ. ಇದು ಸರ್ಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತದೆ, ಓಡಾಟ ಮಾತ್ರ ಜಾಸ್ತಿ. ಡ್ರಿಪ್ ಹಾಕಿದ ವಾರದಲ್ಲಿ ಹೊಸ ಕಣಗಳು ಬರಲು ಶುರುವಾಗುತ್ತವೆ, ಹಿಮೋಗ್ಲೋಬಿನ್ ಚೆನ್ನಾಗಿ ಏರುವುದು ಮೂರು-ನಾಲ್ಕು ವಾರಕ್ಕೆ. ಆದ್ದರಿಂದ ನಾಲ್ಕನೆಯ ವಾರ ಸಿಬಿಸಿ ಮಾಡಿಸಿ, ಅದನ್ನು ನೋಡಿ ಆಪರೇಷನ್ ದಿನ ಗೊತ್ತು ಮಾಡಿ. ಆಗಲೇ ಫೆರಿಟಿನ್‌ಗೆ ದುಡ್ಡು ಹಾಕಬೇಡಿ. ಡ್ರಿಪ್ ಆದ ಹೊಸತರಲ್ಲಿ ಅದು ಸುಮ್ಮನೆ ಏರಿ ಕೂತಿರುತ್ತದೆ.

ಕೊನೆಗೊಂದು ಮಾತು. ‘ನಮ್ಮ ಹೆಂಗಸರಿಗೆ 10 ಇದ್ದರೆ ಸಾಕು’ ಎಂಬ ಅಭ್ಯಾಸ ಬಲವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಸಾಮಾನ್ಯವಾಗಿದೆ ಎಂದ ಮಾತ್ರಕ್ಕೆ ಅದು ಆರೋಗ್ಯವಲ್ಲ. ದೊಡ್ಡ ಆಪರೇಷನ್‌ಗೆ ಮೊದಲು ಗಂಡಸರಿಗೂ ಹೆಂಗಸರಿಗೂ ಗುರಿ 13 ಇರಲಿ ಎಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2017ರಲ್ಲಿ ಹೇಳಿತು. ಹೆಂಗಸರ ಮೈಯಲ್ಲಿ ರಕ್ತದ ಮೊತ್ತವೇ ಕಡಿಮೆ, ಅದೇ ಅರ್ಧ ಲೀಟರ್ ನಷ್ಟ ಅವರಿಗೆ ಹೆಚ್ಚು ತಟ್ಟುತ್ತದೆ. ಅವರ ಗುರಿ ಕೆಳಗಿರಬೇಕು ಎಂಬುದಕ್ಕೆ ಕಾರಣವಿಲ್ಲ. ನಿಮ್ಮದು 10 ದಾಟಿದರೆ ಆಪರೇಷನ್ ಆಗಬಹುದು, 12ರ ಹತ್ತಿರ ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಐರನ್ ಡ್ರಿಪ್ ಹಾಕಿದ ಐದು ನಿಮಿಷಕ್ಕೆ ರೋಗಿಯ ಮುಖ ಕೆಂಪಾಗಿ ಎದೆ ಬಿಗಿ ಅನ್ನುತ್ತಾರೆ. ಕೂಡಲೇ ಅಲರ್ಜಿಗೆಂದು ಏವಿಲ್ ಮತ್ತು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ರೂಢಿ. ಕೆಲವರು ಐರನ್ ಅನ್ನು 500 ಮಿ.ಲೀ. ಡಿಎನ್‌ಎಸ್ (ಡೆಕ್ಸ್‌ಟ್ರೋಸ್ ಸೇರಿದ ಸಲೈನ್) ಬಾಟಲಿಯಲ್ಲಿ ಬೆರೆಸುತ್ತಾರೆ. ಸರಿಯಾದ ಕ್ರಮ ತಿಳಿಸಿ.
— ಶುಶ್ರೂಷಕಿ, ಹಾವೇರಿ ಜಿಲ್ಲೆ

ಉತ್ತರ: ಡೆಕ್ಸ್‌ಟ್ರೋಸ್ ಇರುವ ಯಾವ ಬಾಟಲಿಯೂ ಬೇಡ. ನಾರ್ಮಲ್ ಸಲೈನ್ ಮಾತ್ರ, ಅದರಲ್ಲೂ ಬೇರೆ ಯಾವ ಔಷಧಿಯನ್ನೂ ಸೇರಿಸಬಾರದು. ಹೆಚ್ಚು ನೀರಿನಲ್ಲಿ ಬೆರೆಸಿದರೆ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ಈ ಔಷಧಿಯಲ್ಲಿ ಕಬ್ಬಿಣದ ಸುತ್ತ ಸಕ್ಕರೆಯ ಹೊದಿಕೆಯಿದೆ, ತೀರಾ ತೆಳುವಾದರೆ ಅದು ಸ್ಥಿರವಾಗಿರುವುದಿಲ್ಲ. ಕಾರ್ಬಾಕ್ಸಿಮಾಲ್ಟೋಸ್‌ನ ಸಾಂದ್ರತೆ ಮಿ.ಲೀ.ಗೆ 2 ಮಿ.ಗ್ರಾಂಗಿಂತ ಕೆಳಗಿಳಿಯಬಾರದು. 500 ಮಿ.ಗ್ರಾಂ ಆದರೆ 100 ಮಿ.ಲೀ., 1,000 ಮಿ.ಗ್ರಾಂ ಆದರೆ 250 ಮಿ.ಲೀ., ಇವೇ ಮಿತಿ. ಕನಿಷ್ಠ 15 ನಿಮಿಷ ಹಾಯಿಸಿ. ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ ಮೀರಬಾರದು, ವಾರಕ್ಕೆ 1,000 ಮೀರಬಾರದು. 40 ಕೆ.ಜಿ. ಹೆಂಗಸಿಗೆ ಎರಡು ವಯಲ್ ಪೂರ್ತಿ ಹಾಕಿದರೆ ಆ ಮಿತಿ ದಾಟಿದಂತೆ, ಅವರಿಗೆ 800. ಐರನ್ ಸುಕ್ರೋಸ್ 5 ಮಿ.ಲೀ. ಆಂಪೂಲ್‌ನಲ್ಲಿ 100 ಮಿ.ಗ್ರಾಂ ಇರುತ್ತದೆ. ಎರಡು ಆಂಪೂಲ್ 100ರಿಂದ 200 ಮಿ.ಲೀ. ಸಲೈನ್‌ನಲ್ಲಿ, ಅರ್ಧ ಗಂಟೆಯಲ್ಲಿ ಹೋಗಲಿ.

ಸೂಜಿ ಕೂರಿಸುವ ಜಾಗ ಮುಖ್ಯ. ಮುಂಗೈಯ ಗಟ್ಟಿ ರಕ್ತನಾಳ ಆರಿಸಿ. ಮಡಚುವ ಮೊಣಕೈ ಸಂದಿ ಬೇಡ, ಹಿಂದಿನ ದಿನದ ಹಳೆಯ ಕ್ಯಾನ್ಯುಲಾ ಬೇಡ. 10 ಮಿ.ಲೀ. ಸಲೈನ್ ಹಾಯಿಸಿ, ಊತ ನೋವು ಇಲ್ಲವೆಂದು ನೋಡಿಯೇ ಐರನ್ ಜೋಡಿಸಿ. ಔಷಧಿ ಹೊರಗೆ ಸೋರಿದರೆ ಚರ್ಮದಲ್ಲಿ ಕಂದು ಕಲೆ ಉಳಿಯುತ್ತದೆ. ತಿಂಗಳುಗಟ್ಟಲೆ ಹೋಗದು, ಕೆಲವರಿಗೆ ಹೋಗುವುದೇ ಇಲ್ಲ. ‘ಉರಿ, ಬಿಗಿ ಅನಿಸಿದರೆ ಕೂಡಲೇ ಹೇಳಿ’ ಎಂದು ಮೊದಲೇ ತಿಳಿಸಿ. ಹೇಳಿದ ತಕ್ಷಣ ನಿಲ್ಲಿಸಿ. ಮುಗಿದ ಮೇಲೂ ಸಲೈನ್ ಹಾಯಿಸಿ, ಆಮೇಲೆ ಸೂಜಿ ತೆಗೆಯಿರಿ.

ಇನ್ನು ನೀವು ಕೇಳಿದ ಎದೆಬಿಗಿ. ಮುಖ ಕೆಂಪಾಗಿ, ಎದೆ, ಬೆನ್ನು ಹಿಡಿದಂತಾಗಿ, ಆದರೆ ಬಿಪಿ ಬೀಳದೆ, ಉಬ್ಬಸವಿಲ್ಲದೆ, ತುಟಿ-ನಾಲಿಗೆ ಊದದೆ ಇದ್ದರೆ ಅದು ಅಲರ್ಜಿಯಲ್ಲ. ಫಿಶ್‌ಬೇನ್ ಪ್ರತಿಕ್ರಿಯೆ ಎಂದು ಇದಕ್ಕೆ ಹೆಸರು. ಹೊದಿಕೆಯಿಂದ ಬಿಡಿಯಾದ ಸ್ವಲ್ಪ ಕಬ್ಬಿಣ ಒಮ್ಮೆಲೇ ರಕ್ತಕ್ಕೆ ಸೇರಿದ್ದು ಕಾರಣವೆಂದು ತಿಳಿಯಲಾಗಿದೆ. ಡ್ರಿಪ್ ನಿಲ್ಲಿಸಿ, ಸಲೈನ್ ಬಿಡಿ, ನಾಡಿ ಮತ್ತು ಬಿಪಿ ನೋಡುತ್ತ ಪಕ್ಕದಲ್ಲೇ ಇರಿ. ಹೆಚ್ಚಿನವರಲ್ಲಿ ಹತ್ತು-ಹದಿನೈದು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ವೈದ್ಯರಿಗೆ ತಿಳಿಸಿ, ಅರ್ಧ ವೇಗದಲ್ಲಿ ಮತ್ತೆ ಶುರು ಮಾಡಬಹುದು. ಇಲ್ಲಿ ಏವಿಲ್ ಕೊಡಬೇಡಿ. ಅದು ಮಂಪರು ತರುತ್ತದೆ, ಬಿಪಿ ಇಳಿಸಬಹುದು, ನಾಡಿ ಓಡಿಸುತ್ತದೆ. ಆಗ ಸಣ್ಣ ತೊಂದರೆಯೇ ದೊಡ್ಡ ಅಲರ್ಜಿಯಂತೆ ಕಾಣಿಸಿ, ರೋಗಿಯ ಚೀಟಿಯಲ್ಲಿ ‘ಐರನ್ ಅಲರ್ಜಿ’ ಎಂದು ಬರೆದುಬಿಡುತ್ತಾರೆ. ಆಮೇಲೆ ಜನ್ಮದಲ್ಲಿ ಯಾರೂ ಆಕೆಗೆ ಡ್ರಿಪ್ ಕೊಡಲು ಮುಂದಾಗುವುದಿಲ್ಲ.

ನಿಜವಾದ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ, ಬಹಳ ಅಪರೂಪ, ಆದರೂ ತುರ್ತು ಔಷಧಿಗಳ ಟ್ರೇ ಪಕ್ಕದಲ್ಲೇ ಸಿದ್ಧವಿರಬೇಕು. ಬಿಪಿ ಕುಸಿದರೆ, ಉಬ್ಬಸ ಬಂದರೆ, ಮೈಯೆಲ್ಲ ದದ್ದೆದ್ದರೆ ಅಡ್ರಿನಲಿನ್ 0.5 ಮಿ.ಗ್ರಾಂ, ಅಂದರೆ 1:1,000 ದ್ರಾವಣದ ಅರ್ಧ ಮಿ.ಲೀ., ತೊಡೆಯ ಹೊರಭಾಗದ ಸ್ನಾಯುವಿಗೆ. ಮೊದಲ ಔಷಧಿ ಅದೇ, ಉಳಿದದ್ದೆಲ್ಲ ಆಮೇಲೆ. ಮೊದಲು ಸ್ವಲ್ಪವೇ ಹಾಕಿ ನೋಡುವ ಟೆಸ್ಟ್ ಡೋಸ್‌ನಿಂದ ಪ್ರಯೋಜನವಿಲ್ಲ. ಅದು ಸುಳ್ಳು ಧೈರ್ಯ ಕೊಡುತ್ತದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಕೈಬಿಡಲು ಹೇಳಿದೆ. ಪ್ರತಿ ಸಲವೂ ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಿ. ಜ್ವರ, ಸೋಂಕು ಇರುವ ದಿನ ಹಾಕಬೇಡಿ. ಗರ್ಭದ ಮೊದಲ ಮೂರು ತಿಂಗಳು ಬೇಡ. ಮಾರನೆಯ ದಿನ ಮೈಕೈ ನೋವು, ಸಣ್ಣ ಜ್ವರ ಬಂದರೆ ಪ್ಯಾರಾಸಿಟಮಾಲ್ ಸಾಕು. ಕಾರ್ಬಾಕ್ಸಿಮಾಲ್ಟೋಸ್ ಮತ್ತೆ ಮತ್ತೆ ಪಡೆದವರು ವಾರಗಳ ನಂತರ ವಿಪರೀತ ಸುಸ್ತು, ಮೂಳೆನೋವು ಎಂದು ಬಂದರೆ ರಕ್ತದ ಫಾಸ್ಫೇಟ್ ನೋಡಿಸಿ. ಈ ಔಷಧಿ ಅದನ್ನು ಇಳಿಸುತ್ತದೆ.

ಪ್ರಶ್ನೆ: ಪಿತ್ತಕೋಶದ ಕಲ್ಲಿಗೆ ಎರಡು ತಿಂಗಳ ನಂತರ ಆಪರೇಷನ್. ಹಿಮೋಗ್ಲೋಬಿನ್ 10.6, ಫೆರಿಟಿನ್ 9. ದಿನಕ್ಕೆರಡು ಐರನ್ ಮಾತ್ರೆ ಕೊಟ್ಟಿದ್ದಾರೆ. ಹೊಟ್ಟೆ ತೊಳಸಿ, ಮಲಬದ್ಧತೆಯಾಗಿ ಬಿಟ್ಟುಬಿಟ್ಟೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ, ಪ್ಯಾಂಟೊಪ್ರಝೋಲ್, ರಾತ್ರಿ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತೇನೆ.
— ಶಿಕ್ಷಕಿ, ಧಾರವಾಡ

ಉತ್ತರ: ನಿಮಗೆ ಸಮಯವಿದೆ, ಮಾತ್ರೆಯೇ ಸಾಕು. ಆದರೆ ದಿನಕ್ಕೆರಡಲ್ಲ, ದಿನ ಬಿಟ್ಟು ದಿನ ಒಂದು. ಕಬ್ಬಿಣದ ಮಾತ್ರೆ ಹೊಟ್ಟೆ ಸೇರಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲು ಮುಚ್ಚಿಡುತ್ತದೆ. ಆ ಹೊತ್ತಿನಲ್ಲಿ ನುಂಗಿದ ಎರಡನೆಯ ಮಾತ್ರೆಯ ಕಬ್ಬಿಣ ಹೆಚ್ಚಾಗಿ ಮಲಕ್ಕೇ ಹೋಗಿ, ನಿಮಗಾದಂತೆ ತೊಳಸು, ಮಲಬದ್ಧತೆ ತರುತ್ತದೆ. ಕಬ್ಬಿಣ ಕಡಿಮೆಯಿದ್ದ ಮಹಿಳೆಯರಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಮೈಗೆ ಹತ್ತಿತೆಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ.

ಮಾತ್ರೆಯ ಹಿಂದೆ ‘ಎಲಿಮೆಂಟಲ್ ಐರನ್’ ಎಷ್ಟೆಂದು ಓದಿ. 200 ಮಿ.ಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಕಬ್ಬಿಣ 65 ಮಿ.ಗ್ರಾಂ ಮಾತ್ರ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ದುಬಾರಿ ಮಾತ್ರೆಯೇ ಬೇಕೆಂದಿಲ್ಲ. ‘ಹೊಟ್ಟೆಗೆ ಹಗುರ’ ಎಂದು ಮಾರುವ, ಕರುಳಿನಲ್ಲಿ ನಿಧಾನ ಕರಗುವ ಲೇಪನದ ಮಾತ್ರೆಗಳನ್ನು ಬಿಡಿ. ಕಬ್ಬಿಣ ಹೀರುವುದು ಸಣ್ಣಕರುಳಿನ ಮೊದಲ ಭಾಗ. ಮಾತ್ರೆ ಅದನ್ನು ದಾಟಿದ ಮೇಲೆ ಕರಗಿದರೆ ಉಪಯೋಗವಿಲ್ಲ.

ಹೊತ್ತು ಹೀಗಿರಲಿ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ. ಅದಕ್ಕೂ ಐರನ್‌ಗೂ ನಾಲ್ಕು ತಾಸು ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆಯೇ ಹೀರಲ್ಪಡದೆ ಟಿಎಸ್‌ಎಚ್ (ಥೈರಾಯ್ಡ್ ಕೊರತೆ ತೋರಿಸುವ ಅಂಕಿ) ಏರುತ್ತದೆ. ಐರನ್ ಹನ್ನೊಂದು-ಹನ್ನೆರಡಕ್ಕೆ, ಊಟಕ್ಕೆ ಒಂದು ತಾಸು ಮೊದಲು, ನೀರಿನಲ್ಲಿ. ಬೇಕಿದ್ದರೆ ನಿಂಬೆಹಣ್ಣಿನ ಪಾನಕದ ಜೊತೆ. ಅದರ ಹಿಂದುಮುಂದಿನ ಒಂದೆರಡು ತಾಸು ಚಹಾ, ಕಾಫಿ, ಹಾಲು ಬೇಡ. ಕ್ಯಾಲ್ಸಿಯಂ ರಾತ್ರಿಯೇ ಇರಲಿ. ಪ್ಯಾಂಟೊಪ್ರಝೋಲ್ ಎಂಬ ಗ್ಯಾಸ್ ಮಾತ್ರೆ ನಿಜಕ್ಕೂ ಬೇಕೇ ಎಂದು ವೈದ್ಯರನ್ನು ಕೇಳಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಕಬ್ಬಿಣ ಕರಗುವುದೂ ಕಡಿಮೆ. ಮಲ ಕಪ್ಪಾದರೆ ಹೆದರಬೇಡಿ. ಮೂರು-ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಕಾಯುತ್ತ ಕೂರದೆ ಡ್ರಿಪ್ ಬಗ್ಗೆ ಕೇಳಿ, ಇನ್ನೂ ಒಂದು ತಿಂಗಳು ಕೈಯಲ್ಲಿರುತ್ತದೆ. ಆಪರೇಷನ್ ಮುಗಿದು ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು, ಉಗ್ರಾಣ ತುಂಬಲು.

ಪ್ರಶ್ನೆ: ಬೀಟ್‌ರೂಟ್, ದಾಳಿಂಬೆ, ಖರ್ಜೂರ, ರಾಗಿ, ಬೆಲ್ಲ ಎಲ್ಲ ಕೊಡುತ್ತಿದ್ದೇವೆ. ತಿಂಗಳಾದರೂ ರಕ್ತ ಏರಿಲ್ಲ.
— ಮಂಡ್ಯ

ಉತ್ತರ: ಏರುವುದಿಲ್ಲ. ಬೀಟ್‌ರೂಟ್, ದಾಳಿಂಬೆಯ ಬಣ್ಣ ಕೆಂಪು ಅಷ್ಟೇ, 100 ಗ್ರಾಂನಲ್ಲಿ 1 ಮಿ.ಗ್ರಾಂ ಕಬ್ಬಿಣವೂ ಇಲ್ಲ. ರಾಗಿಯಲ್ಲಿ 100 ಗ್ರಾಂಗೆ ನಾಲ್ಕೂವರೆ ಮಿ.ಗ್ರಾಂ ಇದೆ, ಆದರೆ ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಅಂಶಗಳು ಕಬ್ಬಿಣವನ್ನು ಚೆನ್ನಾಗಿ ಹೀರಲು ಬಿಡುವುದಿಲ್ಲ. ಮೊಳಕೆ ಕಟ್ಟಿದ ರಾಗಿ ಸ್ವಲ್ಪ ಮೇಲು. ಮಾಂಸಾಹಾರಿಗಳಾದರೆ ಕುರಿಯ ಈಲಿ ನಿಜಕ್ಕೂ ಒಳ್ಳೆಯದು. ಊಟ ಚೆನ್ನಾಗಿರಲಿ, ಮುಂದೆ ಕೊರತೆ ಬರದಂತೆ ಕಾಯುವುದು ಅದೇ. ಆದರೆ ಸಾವಿರ ಮಿ.ಗ್ರಾಂ ಕೊರತೆಯನ್ನು ಆಪರೇಷನ್ ದಿನದೊಳಗೆ ಊಟದಿಂದ ತುಂಬಲಾಗದು. ಔಷಧಿ ಬಿಟ್ಟು ಬೀಟ್‌ರೂಟ್ ರಸ ಕುಡಿಸುತ್ತ ಕಳೆದ ತಿಂಗಳು ಹೋದದ್ದೇ ಹೋಯಿತು.

ಪ್ರಶ್ನೆ: ತಂದೆಯವರಿಗೆ 66. ಎರಡೂ ಮಂಡಿ ಕೀಲು ಬದಲಿಸಬೇಕು. ಹಿಮೋಗ್ಲೋಬಿನ್ 9.6, ಫೆರಿಟಿನ್ 11. ಮೂಲವ್ಯಾಧಿ ಇದೆ, ಅದರಿಂದಲೇ ಇರಬೇಕು, ಐರನ್ ಡ್ರಿಪ್ ಹಾಕಿಸಿ ಮುಂದುವರಿಯೋಣ ಎಂದಿದ್ದಾರೆ.
— ಬೆಂಗಳೂರು

ಉತ್ತರ: ಡ್ರಿಪ್ ಹಾಕಿಸಿ. ಮುಂದುವರಿಯುವುದು ಮಾತ್ರ ಈಗಲೇ ಬೇಡ. ಈ ವಯಸ್ಸಿನ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣದ ಕೊರತೆ ಬಂತೆಂದರೆ ರಕ್ತ ಎಲ್ಲೋ ಹೋಗುತ್ತಿದೆ, ಹೆಚ್ಚಾಗಿ ಹೊಟ್ಟೆ-ಕರುಳಿನಿಂದ. ಮೂಲವ್ಯಾಧಿ ಬಹಳ ಜನರಿಗಿರುತ್ತದೆ. ಅದರ ಮೇಲೆ ಹೊರಿಸಿ ಸುಮ್ಮನಾದಾಗಲೇ ದೊಡ್ಡಕರುಳಿನ ಕ್ಯಾನ್ಸರ್ ತಪ್ಪಿಸಿಕೊಳ್ಳುವುದು. ಮಲದಲ್ಲಿ ರಕ್ತದ ಪರೀಕ್ಷೆ ನೆಗೆಟಿವ್ ಬಂದರೂ ನಂಬಿ ಕೂರುವ ಹಾಗಿಲ್ಲ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಆಗಬೇಕು. ಐರನ್ ಮಾತ್ರೆ ತಿನ್ನುತ್ತಿದ್ದರೆ ಕೊಲೊನೋಸ್ಕೋಪಿಗೆ ಒಂದು ವಾರ ಮೊದಲು ನಿಲ್ಲಿಸಿ. ಕಪ್ಪಾಗಿ ಅಂಟಿದ ಮಲ ಕರುಳಿನ ಗೋಡೆಯನ್ನೇ ಮುಚ್ಚುತ್ತದೆ. ಡ್ರಿಪ್‌ನಿಂದ ಈ ತೊಂದರೆಯಿಲ್ಲ.

ತಂದೆಯವರು ಮಂಡಿ ನೋವಿಗೆ ವರ್ಷಗಳಿಂದ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆ ನುಂಗುತ್ತಿರಬಹುದು. ಜಠರದ ಹುಣ್ಣಿನಿಂದ ಸದ್ದಿಲ್ಲದೆ ರಕ್ತ ಹೋಗಲು ಅದೊಂದೇ ಸಾಕು. ಹೃದಯಕ್ಕೆಂದು ಆಸ್ಪಿರಿನ್ ಇದ್ದರೆ ಅದನ್ನೂ ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ. ತೋಟ-ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವವರಾದರೆ ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳುವಿಗೆ ಅಲ್ಬೆಂಡಝೋಲ್ 400 ಮಿ.ಗ್ರಾಂ ಒಂದು ಮಾತ್ರೆ. ಮಂಡಿ ಎರಡು ತಿಂಗಳು ಕಾಯುತ್ತದೆ. ಎರಡೂ ಮಂಡಿ ಒಂದೇ ದಿನ ಮಾಡುವುದಾದರೆ ರಕ್ತ ನಷ್ಟ ದೊಡ್ಡದು, ಆದ್ದರಿಂದ 13 ಮುಟ್ಟಿಸಿಯೇ ಹೋಗಿ. ಆಪರೇಷನ್ ಸಮಯದಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೀರಾ ಎಂದೂ ಸರ್ಜನ್‌ರನ್ನು ಕೇಳಬಹುದು.

ಪ್ರಶ್ನೆ: ಕೀಲುವಾತ ಇರುವ ನನ್ನ ಅಕ್ಕನಿಗೆ ಸೊಂಟದ ಕೀಲು ಬದಲಿಸಬೇಕು. ಹಿಮೋಗ್ಲೋಬಿನ್ 9.9. ಫೆರಿಟಿನ್ 80, ‘ನಾರ್ಮಲ್’ ಎಂದು ಲ್ಯಾಬ್ ವರದಿ. ಸೀರಂ ಐರನ್ 32, ಟಿಐಬಿಸಿ 290. ಕಬ್ಬಿಣ ಬೇಡವೇ?
— ಕಲಬುರಗಿ

ಉತ್ತರ: ಬೇಕು. ಕೀಲುವಾತದಂಥ ಉರಿಯೂತ ಇರುವವರಲ್ಲಿ ಫೆರಿಟಿನ್ ಸುಮ್ಮನೆ ಏರುತ್ತದೆ. ಅಂಥವರಲ್ಲಿ 100ಕ್ಕಿಂತ ಕಡಿಮೆ ಇದ್ದರೇ ಕೊರತೆ ಎಂದು ಲೆಕ್ಕ. ನೀವು ಕೊಟ್ಟ ಅಂಕಿಗಳೇ ಉತ್ತರ ಹೇಳುತ್ತಿವೆ: ಸೀರಂ ಐರನ್ (ರಕ್ತದಲ್ಲಿರುವ ಕಬ್ಬಿಣ) 32ನ್ನು ಟಿಐಬಿಸಿ (ರಕ್ತ ಹೊರಬಲ್ಲ ಒಟ್ಟು ಕಬ್ಬಿಣ) 290ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 11. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ 20 ಇರಬೇಕಾದ ಕಡೆ 11 ಇದೆ. ಹೆಪ್ಸಿಡಿನ್ ಸದಾ ಮೇಲೆಯೇ ಇರುವುದರಿಂದ ಮಾತ್ರೆ ಇವರಿಗೆ ಹಿಡಿಯುವುದಿಲ್ಲ, ಡ್ರಿಪ್ ಬೇಕು. ಕೀಲುವಾತದ ಔಷಧಿಗಳನ್ನು ಸರಿಪಡಿಸಿ ಉರಿಯೂತ ಇಳಿಸಿದರೆ ಹಿಮೋಗ್ಲೋಬಿನ್ ಅದಕ್ಕೂ ಸ್ವಲ್ಪ ಏರುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಕೆಂಪುಕಣ ತಯಾರಿಸಲು ಪ್ರಚೋದಿಸುವ ಎರಿಥ್ರೊಪೊಯಿಟಿನ್ ಇಂಜೆಕ್ಷನ್ ವಿಚಾರ ಬರುತ್ತದೆ. ಅದು ರಕ್ತ ಹೆಪ್ಪುಗಟ್ಟಿಸುವ ಅಪಾಯವಿರುವ ಔಷಧಿ, ತಜ್ಞರಿಲ್ಲದೆ ಬೇಡ.

ಪ್ರಶ್ನೆ: ಐರನ್ ಡ್ರಿಪ್‌ನಿಂದ ಪ್ರಯೋಜನವಿಲ್ಲ ಎಂದು ಇಂಗ್ಲೆಂಡಿನಲ್ಲಿ ಸಾಬೀತಾಗಿದೆಯಂತೆ. ಮತ್ತೇಕೆ ಖರ್ಚು?
— ಔಷಧ ವ್ಯಾಪಾರಿ, ಶಿವಮೊಗ್ಗ

ಉತ್ತರ: ನೀವು ಹೇಳುತ್ತಿರುವುದು 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಪ್ರಿವೆಂಟ್’ ಅಧ್ಯಯನ. ಹೊಟ್ಟೆಯ ದೊಡ್ಡ ಆಪರೇಷನ್‌ಗೆ 10ರಿಂದ 42 ದಿನ ಮೊದಲು 487 ಜನರಲ್ಲಿ ಅರ್ಧ ಮಂದಿಗೆ 1,000 ಮಿ.ಗ್ರಾಂ ಕಾರ್ಬಾಕ್ಸಿಮಾಲ್ಟೋಸ್, ಉಳಿದರ್ಧಕ್ಕೆ ಬರಿಯ ಸಲೈನ್ ಕೊಟ್ಟರು. ರಕ್ತ ಹಾಕಿಸಿಕೊಂಡವರ ಅಥವಾ ತೀರಿಕೊಂಡವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ರಕ್ತಹೀನತೆ ಇದ್ದ ಎಲ್ಲರನ್ನೂ ಸೇರಿಸಿಕೊಂಡಿದ್ದರು, ಕಬ್ಬಿಣದ ಕೊರತೆ ಇದ್ದವರನ್ನಷ್ಟೇ ಅಲ್ಲ. ಡ್ರಿಪ್‌ಗೂ ಆಪರೇಷನ್‌ಗೂ ನಡುವೆ ಸಾಮಾನ್ಯವಾಗಿ ಸಿಕ್ಕಿದ್ದು ಎರಡು ವಾರದಷ್ಟು. ಆ ಅಧ್ಯಯನದಲ್ಲೂ ಡ್ರಿಪ್ ಪಡೆದವರ ಹಿಮೋಗ್ಲೋಬಿನ್ ಏರಿತ್ತು, ಆಪರೇಷನ್ ಆದ ಎರಡು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅವರಲ್ಲಿ ಕಡಿಮೆ. ಹಿಮೋಗ್ಲೋಬಿನ್ ಕಡಿಮೆ ಬಂದ ಎಲ್ಲರಿಗೂ ಕಣ್ಣುಮುಚ್ಚಿ, ಕೊನೆಗಳಿಗೆಯಲ್ಲಿ ಡ್ರಿಪ್ ಹಾಕುವುದು ವ್ಯರ್ಥ ಎಂಬುದು ಅದರಿಂದ ತಿಳಿಯುವ ಪಾಠ ಎಂದು ನಮ್ಮ ಅಭಿಪ್ರಾಯ. ಆಪರೇಷನ್ ಬೇಕೆಂದು ನಿರ್ಧಾರವಾದ ದಿನವೇ ಸಿಬಿಸಿ, ಫೆರಿಟಿನ್ ಮಾಡಿಸಬೇಕು. ಅಡ್ಮಿಟ್ ಆಗುವ ಹಿಂದಿನ ದಿನ ಮಾಡಿಸಿದ ಪರೀಕ್ಷೆಯಿಂದ ಬ್ಲಡ್ ಬ್ಯಾಂಕಿಗೆ ಚೀಟಿ ಬರೆಯಬಹುದೇ ಹೊರತು ಚಿಕಿತ್ಸೆ ಮಾಡಲಾಗದು. ರೋಗಿಯ ಸ್ವಂತ ರಕ್ತವನ್ನು ಕಾಪಾಡುವ ಈ ಕ್ರಮವನ್ನು ಎಲ್ಲ ದೇಶಗಳೂ ತುರ್ತಾಗಿ ಜಾರಿಗೆ ತರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕರೆ ಕೊಟ್ಟಿದೆ.

ಪ್ರಶ್ನೆ: 28 ವರ್ಷ, ಹರ್ನಿಯಾ ಆಪರೇಷನ್ ಆಗಬೇಕು. ಹಿಮೋಗ್ಲೋಬಿನ್ ಯಾವಾಗ ನೋಡಿದರೂ 11.8. ಐರನ್ ತಿಂದು ತಿಂದು ಸಾಕಾಗಿದೆ. ಎಂಸಿವಿ 64, ಕೆಂಪುಕಣ 59 ಲಕ್ಷ, ಫೆರಿಟಿನ್ 140.
— ಹುಬ್ಬಳ್ಳಿ

ಉತ್ತರ: ಐರನ್ ನಿಲ್ಲಿಸಿ. ಫೆರಿಟಿನ್ 140 ಇರುವಾಗ ನಿಮಗೆ ಕಬ್ಬಿಣದ ಕೊರತೆಯಿಲ್ಲ. ಕಣ ಇಷ್ಟು ಸಣ್ಣದಿದ್ದು ಸಂಖ್ಯೆ ಹೆಚ್ಚಿದ್ದರೆ ನೀವು ಥಲಸ್ಸೀಮಿಯಾ (ವಂಶದಿಂದ ಬರುವ ಹಿಮೋಗ್ಲೋಬಿನ್ ದೋಷ) ವಾಹಕರಿರಬಹುದು. ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ, 64ನ್ನು ಕೆಂಪುಕಣದ ಸಂಖ್ಯೆ 5.9ರಿಂದ (59 ಲಕ್ಷ ಎಂದರೆ 5.9 ದಶಲಕ್ಷ) ಭಾಗಿಸಿದರೆ 11ರ ಹತ್ತಿರ, 13ಕ್ಕಿಂತ ಕಡಿಮೆ ಬಂದರೆ ಆ ಕಡೆಗೆ ಬೊಟ್ಟು. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ, ಎ2 ಭಾಗ ನೂರಕ್ಕೆ 3.5 ಮೀರಿದರೆ ಖಚಿತವಾಗುತ್ತದೆ. ಹರ್ನಿಯಾಗೆ 11.8 ಏನೂ ತೊಂದರೆಯಲ್ಲ. ಆದರೆ ಮದುವೆಗೆ ಮುಂಚೆ ಅಥವಾ ಮಗು ಬಯಸುವ ಮುಂಚೆ ನಿಮ್ಮ ಸಂಗಾತಿಗೂ ಈ ಪರೀಕ್ಷೆ ಆಗಲೇಬೇಕು. ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ತೀವ್ರ ಥಲಸ್ಸೀಮಿಯಾ ಬರುವ ಸಾಧ್ಯತೆ.

ಪ್ರಶ್ನೆ: ಅಜ್ಜಿ ಬಚ್ಚಲಲ್ಲಿ ಜಾರಿ ತೊಡೆಮೂಳೆ ಮುರಿದಿದೆ. ಹಿಮೋಗ್ಲೋಬಿನ್ 8.4. ರಕ್ತ ಏರುವವರೆಗೆ ಆಪರೇಷನ್ ಮುಂದೂಡಬೇಕೆ?
— ಪುತ್ತೂರು

ಉತ್ತರ: ಮುಂದೂಡಬೇಡಿ. ಸಮಯ ಕೊಟ್ಟು ಕಬ್ಬಿಣ ತುಂಬುವ ಮಾತೆಲ್ಲ ಕಾಯಬಲ್ಲ ಆಪರೇಷನ್‌ಗಳಿಗೆ. ಸೊಂಟದ ಹತ್ತಿರ ತೊಡೆಮೂಳೆ ಮುರಿದ ವೃದ್ಧರಿಗೆ ಆಪರೇಷನ್ ಒಂದೆರಡು ದಿನದೊಳಗೆ ಆಗಬೇಕು. ಮಲಗಿದಷ್ಟೂ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಿನಲ್ಲಿ ಹೆಪ್ಪು. ಮುರಿದ ಜಾಗದಲ್ಲೇ ಒಳಗೆ ರಕ್ತ ಸೋರಿರುವುದರಿಂದ ನಾಳೆ 8.4 ಇನ್ನೂ ಇಳಿಯಬಹುದು. ಆದ್ದರಿಂದ ಆಪರೇಷನ್ ದಿನ ಬೆಳಿಗ್ಗೆ ಮತ್ತೆ ನೋಡಿಸಿ. 8ಕ್ಕಿಂತ ಕೆಳಗೆ ಹೋದರೆ, ಅಥವಾ ಹೃದಯದ ತೊಂದರೆಯಿದ್ದು ಏದುಸಿರು, ಎದೆನೋವು ಕಂಡರೆ ರಕ್ತ ಹಾಕುತ್ತಾರೆ. ಅಜ್ಜಿಯರ ಹೃದಯ ನೀರಿನ ಭಾರ ತಾಳದು, ಒಂದೊಂದೇ ಚೀಲ ನಿಧಾನವಾಗಿ ಹೋಗಲಿ.

ಆಪರೇಷನ್ ಆದ ಮೇಲೆ ಐರನ್ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುವುದು ವಾಡಿಕೆ. ಗಾಯದ ಉರಿಯೂತ ಇರುವ ಮೊದಲ ಕೆಲವು ವಾರ ಕರುಳು ಕಬ್ಬಿಣ ಹೀರುವುದು ಬಹಳ ಕಡಿಮೆ, ಮಲಬದ್ಧತೆ ಮಾತ್ರ ಗಟ್ಟಿ. ಫೆರಿಟಿನ್, ಸ್ಯಾಚುರೇಷನ್ ನೋಡಿ ಕೊರತೆಯಿದ್ದರೆ, ಸೋಂಕು ಇಲ್ಲದಿದ್ದರೆ, ಆಸ್ಪತ್ರೆ ಬಿಡುವ ಮೊದಲೇ ಒಂದು ಡ್ರಿಪ್ ಹಾಕಿಸಿ. ನಾಲ್ಕು ವಾರಕ್ಕೆ ಮತ್ತೆ ಸಿಬಿಸಿ ಮಾಡಿಸುವುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.